ಚಿಕಿತ್ಸೆಯ ಜೊತೆಗೊಂದು ಕೆಲಸ

ಠಾಣೆಯ ಮಾನಸಿಕ ಆಸ್ಪತ್ರೆ ಶುರುವಾದದ್ದು 1901ರಲ್ಲಿ. ಆ ಕಾಲದ ಇಂಥ ಆಸ್ಪತ್ರೆಗಳಲ್ಲಿ ರೋಗಿಗೆ ಕೆಲಸವೆಂದರೆ ಆವರಣದೊಳಗಿನ ತೋಟ, ಮಗ್ಗ, ಅಡುಗೆಮನೆ. ಹೊತ್ತೇನೋ ಹೋಗುತ್ತಿತ್ತು, ಗೇಟಿನಾಚೆ ಸಂಬಳದ ದಾರಿ ತೆರೆಯುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಕಥೆ ಮುಂದುವರಿಯಿತು. 1925ರಲ್ಲಿ ಮೈಸೂರು ಸರ್ಕಾರದ ಹುಚ್ಚಾಸ್ಪತ್ರೆ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿನ ಪುನರ್ವಸತಿ ವಿಭಾಗದಲ್ಲಿ ಹೊಲಿಗೆ, ಮರಗೆಲಸ, ಬೇಕರಿ ಎಲ್ಲವೂ ಬೆಳೆದವು. ಬೇಕರಿಯಲ್ಲಿ ಹಿಟ್ಟು ಅಳೆದು, ನಾದಿ, ಉಬ್ಬುವ ತನಕ ಕಾದು, ಹೊತ್ತು ನೋಡಿ ಒಲೆಗಿಡಬೇಕು. ಕಾಯಿಲೆಯಲ್ಲಿ ದಿನಚರಿಯೇ ತಪ್ಪಿಹೋದವರಿಗೆ ಇದು ಸಣ್ಣ ತರಬೇತಿಯಲ್ಲ.

ಆದರೆ ಫಲವನ್ನು ಅಳೆಯುವುದು ಹೇಗೆ?

ಯುರೋಪಿನ ಆರು ನಗರಗಳ 312 ಮಾನಸಿಕ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸೆ ನಡೆಯುತ್ತಿರುವಾಗಲೇ ಹೊರಗಿನ ಕೆಲಸ ಹುಡುಕಿಕೊಟ್ಟು, ಸೇರಿದ ಮೇಲೂ ಬೆನ್ನಿಗೆ ನಿಂತಾಗ ಶೇ 55 ಮಂದಿ ಒಂದು ದಿನವಾದರೂ ದುಡಿದರು. ಮೊದಲು ತರಬೇತಿ, ಆಮೇಲೆ ಕೆಲಸ ಎಂಬ ಹಳೆಯ ಕ್ರಮದಲ್ಲಿ ದುಡಿದವರು ಶೇ 28. ಮತ್ತೆ ಆಸ್ಪತ್ರೆ ಸೇರಿದವರೂ ಮೊದಲ ಗುಂಪಿನಲ್ಲೇ ಕಡಿಮೆ. ಆದರೂ ಒಂದು ದಿನದ ದುಡಿಮೆ ತೀರಾ ಚಿಕ್ಕ ಅಳತೆ. ವರ್ಷ ಕಳೆದ ಮೇಲೂ ಕೆಲಸ ಉಳಿದಿದೆಯೇ, ಸಂಬಳ ಕೈಗೆ ಬರುತ್ತಿದೆಯೇ ಎಂದು ಕೇಳದ ಮೌಲ್ಯಮಾಪನ ಅರ್ಧಂಬರ್ಧ.

ಕೆಲಸ ಹುಡುಕುವವರಿಗೆ ನಮ್ಮಲ್ಲಿ ಕಾನೂನಿನ ಆಸರೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಸರ್ಕಾರಿ ನೌಕರಿಯ ಮೀಸಲಾತಿಗೆ ಸೇರಿಸಿದೆ. ಅದಕ್ಕೆ ಶೇ 40ರಷ್ಟಾದರೂ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ನಾಚಿಕೆಪಡದೆ ಆ ಪತ್ರ ಮಾಡಿಸಿಕೊಡಿ.