ಕಾರ್ಖಾನೆ ಯಾಕೆ ಶುಚಿಯಾಗುವುದಿಲ್ಲ: ಅರ್ಧ ಶತಮಾನದ ಉತ್ತರಗಳು

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಪ್ಲೇಟಿಂಗ್ ಶಾಪುಗಳಲ್ಲಿ ಕೆಲಸದ ಕ್ರಮ ಹೆಚ್ಚುಕಮ್ಮಿ ಒಂದೇ. ಬೋಲ್ಟು, ಬ್ರಾಕೆಟ್ಟು, ನಲ್ಲಿಯ ಹಿಡಿಗಳನ್ನು ಚೌಕಟ್ಟೊಂದಕ್ಕೆ ನೇತುಹಾಕಿ ನಿಕ್ಕಲ್ ಅಥವಾ ಕ್ರೋಮಿಯಂ ದ್ರಾವಣದ ತೊಟ್ಟಿಗೆ ಇಳಿಸುತ್ತಾರೆ, ಎತ್ತುತ್ತಾರೆ, ಪಕ್ಕದ ನೀರಿನ ತೊಟ್ಟಿಯಲ್ಲಿ ಅದ್ದಿ ತೊಳೆಯುತ್ತಾರೆ. ಎತ್ತಿದ ಚೌಕಟ್ಟನ್ನು ದ್ರಾವಣದ ತೊಟ್ಟಿಯ ಮೇಲೆಯೇ ಹತ್ತು ಹದಿನೈದು ಸೆಕೆಂಡು ಸೋರಲು ಬಿಟ್ಟರೆ ದುಬಾರಿ ರಾಸಾಯನಿಕ ತೊಟ್ಟಿಗೇ ವಾಪಸಾಗುತ್ತದೆ, ತೊಳೆದ ನೀರಿಗೆ ವಿಷ ಕಡಿಮೆ ಸೇರುತ್ತದೆ. ತೊಟ್ಟಿಯ ಮೇಲೆ ಅಡ್ಡಲಾಗಿ ಒಂದು ಸರಳು ಕಟ್ಟಿದರೆ ಕೈಯಲ್ಲಿ ಹಿಡಿದು ನಿಲ್ಲುವ ಶ್ರಮವೂ ಇಲ್ಲ. ಇದಕ್ಕೆ ಸಾಲ ಬೇಡ, ಸಬ್ಸಿಡಿ ಬೇಡ, ಕನ್ಸಲ್ಟೆಂಟ್ ಬೇಡ. ಆದರೂ ಎಷ್ಟೋ ಕಡೆ ಆ ಸೆಕೆಂಡುಗಳು ಸಿಗುವುದಿಲ್ಲ. ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಸೆಕೆಂಡೂ ದುಡ್ಡೇ. ಉಳಿದ ನಿಕ್ಕಲ್ ಮಾತ್ರ ಮಾಲೀಕನದು.

ಲಾಭವೂ ಇದ್ದು, ಪರಿಸರಕ್ಕೂ ಒಳ್ಳೆಯದಾಗಿ, ಆದರೂ ಒಂದು ಕೆಲಸ ನಡೆಯುವುದಿಲ್ಲ ಎಂದರೆ ಅಡ್ಡಿ ಎಲ್ಲಿದೆ? ಈ ಪ್ರಶ್ನೆಯ ಸುತ್ತ ಕಳೆದ ಐದು ದಶಕಗಳಲ್ಲಿ ಒಂದು ದೊಡ್ಡ ಅಧ್ಯಯನ ಕ್ಷೇತ್ರವೇ ಬೆಳೆದಿದೆ. ಅದು ಕೊಟ್ಟ ಉತ್ತರಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ, ಕೆಲವು ಸಲ ಒಂದನ್ನೊಂದು ಸುಳ್ಳು ಮಾಡಿವೆ.

ಮೊದಮೊದಲು ಇದು ಪ್ರಶ್ನೆಯೇ ಆಗಿರಲಿಲ್ಲ. ವ್ಯಾಪಾರದ ಸಾಮಾಜಿಕ ಹೊಣೆ ಲಾಭ ಮಾಡುವುದಷ್ಟೇ ಎಂದು ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನಲ್ಲಿ ವಾದಿಸಿದಾಗ, ಪರಿಸರ ಎಂದರೆ ಖರ್ಚು ಎಂಬುದು ಎಲ್ಲರೂ ಒಪ್ಪಿದ ಮಾತಾಗಿತ್ತು. ಐದೇ ವರ್ಷದಲ್ಲಿ, 1975ರಲ್ಲಿ, ಅಮೆರಿಕದ 3ಎಂ ಕಂಪನಿ ಮಾಲಿನ್ಯ ತಡೆದರೆ ಲಾಭವಿದೆ ಎಂಬ ಹೆಸರಿನಲ್ಲೇ ಒಂದು ಕಾರ್ಯಕ್ರಮ ಶುರುಮಾಡಿತು. ಕೊಳವೆಯ ತುದಿಯಲ್ಲಿ ಕೊಳೆಯನ್ನು ಶುದ್ಧಿ ಮಾಡುವ ಬದಲು ಕೊಳೆ ಹುಟ್ಟುವ ಕಡೆಯೇ ಅದನ್ನು ಕಡಿಮೆ ಮಾಡಿ ಎಂಬುದು ಅದರ ತಿರುಳು. 1991ರಲ್ಲಿ ಹಾರ್ವರ್ಡಿನ ಮೈಕೆಲ್ ಪೋರ್ಟರ್ ಒಂದು ಹೆಜ್ಜೆ ಮುಂದೆ ಹೋಗಿ, ಬಿಗಿಯಾದ ಪರಿಸರ ಕಾನೂನು ಉದ್ಯಮಗಳನ್ನು ಜಾಣರನ್ನಾಗಿಸುತ್ತದೆ, ಕಾನೂನಿನ ಖರ್ಚನ್ನು ಹೊಸ ವಿಧಾನಗಳ ಉಳಿತಾಯ ಮೀರಿಸಬಲ್ಲದು ಎಂದರು. 1995ರಲ್ಲಿ ಕ್ಲಾಸ್ ವ್ಯಾನ್ ಡರ್ ಲಿಂಡೆ ಜೊತೆ ಸೇರಿ ಅದನ್ನೇ ವಿಸ್ತರಿಸಿದರು. ಎಲ್ಲರೂ ತಲೆಯಾಡಿಸಲಿಲ್ಲ. ನೋವಾ ವಾಲಿ ಮತ್ತು ಬ್ರಾಡ್ಲಿ ವೈಟ್‌ಹೆಡ್ ಎಂಬ ಇಬ್ಬರು ಸಲಹೆಗಾರರು 1994ರಲ್ಲೇ ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲಿ ತಣ್ಣೀರೆರಚಿದ್ದರು: ಸುಲಭದ ಉಳಿತಾಯಗಳೆಲ್ಲ ಮುಗಿದ ಮೇಲೆ ಉಳಿಯುವುದು ಬರೀ ಖರ್ಚು.

ಇದೇ ಹೊತ್ತಿಗೆ ಪ್ರಮಾಣಪತ್ರಗಳ ಯುಗ ಬಂತು. ರಿಯೋ ಸಮ್ಮೇಳನ ನಡೆದ 1992ರಲ್ಲೇ ಬ್ರಿಟನ್ ಬಿಎಸ್ 7750 ಎಂಬ ಮಾನಕ ತಂದಿತು. ಮರುವರ್ಷ ಯುರೋಪಿನ ಇಎಂಎಎಸ್. 1996ರಲ್ಲಿ ಐಎಸ್‌ಒ 14001. ನೀತಿ ಬರೆಯಿರಿ, ಗುರಿ ಇಟ್ಟುಕೊಳ್ಳಿ, ದಾಖಲೆ ಇಡಿ, ತಪಾಸಣೆ ಮಾಡಿಸಿ, ತಿದ್ದಿಕೊಳ್ಳಿ. ಐಎಸ್‌ಒ 14001 ಕೇಳುವುದು ಇಷ್ಟನ್ನೇ. ಎಷ್ಟು ಹೊಗೆ ಬಿಡಬೇಕು, ಎಷ್ಟು ಬಿಡಬಾರದು ಎಂದು ಅದು ಹೇಳುವುದಿಲ್ಲ. ಮಾನಕವೊಂದು ಸಿಕ್ಕಿದ ಮೇಲೆ ಸಂಶೋಧಕರಿಗೂ ಒಂದು ಅಳತೆಗೋಲು ಸಿಕ್ಕಿತು: ಯಾರು ತೆಗೆದುಕೊಂಡರು, ಯಾರು ತೆಗೆದುಕೊಳ್ಳಲಿಲ್ಲ, ಯಾಕೆ?

ಅಡ್ಡಿಗಳ ಪಟ್ಟಿ ಮಾಡುವ ಕೆಲಸ ಆಗ ಭರದಿಂದ ಸಾಗಿತು. ಜೇಮ್ಸ್ ಪೋಸ್ಟ್ ಮತ್ತು ಬಾರ್ಬರಾ ಆಲ್ಟ್‌ಮನ್ 1994ರಲ್ಲಿ ಅಡ್ಡಿಗಳನ್ನು ಎರಡು ರಾಶಿ ಮಾಡಿದರು. ಬಂಡವಾಳ, ಕಾನೂನು, ಪೈಪೋಟಿ, ತಾಂತ್ರಿಕ ಮಾಹಿತಿಯಂತೆ ಆ ಉದ್ಯಮಕ್ಕೆಲ್ಲ ಅಂಟಿದವು ಒಂದು ರಾಶಿ. ನೌಕರರ ಧೋರಣೆ, ಒಳಗಿನ ಸಂವಹನದ ಕೊರತೆ, ಹಳೆಯ ಅಭ್ಯಾಸದಂತೆ ಆಯಾ ಸಂಸ್ಥೆಯ ಒಳಗೇ ಕೂತವು ಇನ್ನೊಂದು. ಸಣ್ಣ ಮತ್ತು ಮಧ್ಯಮ ಉದ್ಯಮಗಳ ಬಗ್ಗೆ ಹೆಚ್ಚು ಕೆಲಸ ಮಾಡಿದ ಬ್ರಿಟನ್ನಿನ ರೂತ್ ಹಿಲರಿ 2004ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶುರುವಿನಲ್ಲಿ ಕಾಲು ಹಿಡಿದೆಳೆಯುವುದು ಹೊರಗಿನ ಅಡ್ಡಿಗಳಿಗಿಂತ ಒಳಗಿನವೇ ಎಂದು ಕಂಡಿತು. ಅದರಲ್ಲೂ ಹಣಕ್ಕಿಂತ ಹೆಚ್ಚಾಗಿ ಜನ ಮತ್ತು ಸಮಯದ ಕೊರತೆ. ಹತ್ತು ಜನರ ಶಾಪಿನಲ್ಲಿ ಮಾಲೀಕನೇ ಮ್ಯಾನೇಜರು, ಅವನೇ ಅಕೌಂಟೆಂಟು, ಬ್ಯಾಂಕಿಗೆ ಓಡುವವನೂ ಅವನೇ. ಪರಿಸರ ನಿರ್ವಹಣೆಯ ಫೈಲು ಬರೆಯುವ ಇನ್ನೊಂದು ಕೈ ಅಲ್ಲಿಲ್ಲ.

ಈ ಪಟ್ಟಿಗಳ ಬಗ್ಗೆ ನನಗೊಂದು ತಕರಾರಿದೆ. ಇವುಗಳಲ್ಲಿ ಬಹುಪಾಲು ಪ್ರಶ್ನಾವಳಿಯಿಂದ ಹುಟ್ಟಿದವು. ಉತ್ತರ ಕೊಡುವವರು ಮಾಲೀಕರು ಅಥವಾ ಮ್ಯಾನೇಜರುಗಳು. ‘ನೀವು ಯಾಕೆ ಮಾಡಲಿಲ್ಲ’ ಎಂದು ಕೇಳಿದರೆ ‘ಹಣವಿಲ್ಲ’ ಎನ್ನುವುದು ಎಲ್ಲಕ್ಕಿಂತ ಮರ್ಯಾದೆಯ ಉತ್ತರ. ‘ಮಾಡದಿದ್ದರೂ ಯಾರೂ ಕೇಳುವುದಿಲ್ಲ’ ಎಂಬ ಉತ್ತರಕ್ಕೆ ಗುರುತು ಹಾಕುವವರು ಕಡಿಮೆ. ಎಷ್ಟೋ ಸಲ ಆ ಆಯ್ಕೆಯೇ ಫಾರಂನಲ್ಲಿ ಇರುವುದಿಲ್ಲ. ತೊಟ್ಟಿಯ ಮುಂದೆ ನಿಂತವನನ್ನಂತೂ ಕೇಳಿದವರೇ ವಿರಳ. ಹೀಗೆ ಪಟ್ಟಿಗಳು ಉದ್ದವಾದವು, ಎಲ್ಲ ದೇಶದಲ್ಲೂ ಒಂದೇ ಥರ ಕಂಡವು.

ಹಣದ ಮಾತನ್ನು ನೇರವಾಗಿ ಒರೆಗೆ ಹಚ್ಚಿದವರು ಅರ್ಥಶಾಸ್ತ್ರಜ್ಞರು. ಅಮೆರಿಕ ಸರ್ಕಾರ 1970ರ ದಶಕದಿಂದಲೂ ವಿಶ್ವವಿದ್ಯಾಲಯಗಳ ಮೂಲಕ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಇಂಧನ ತಪಾಸಣೆಯನ್ನು ಪುಕ್ಕಟೆಯಾಗಿ ಮಾಡಿಸಿಕೊಡುತ್ತ ಬಂದಿದೆ. ಆ ದಾಖಲೆಗಳನ್ನು ಸೋರೆನ್ ಆಂಡರ್ಸನ್ ಮತ್ತು ರಿಚರ್ಡ್ ನ್ಯೂವೆಲ್ ಜಾಲಾಡಿ 2004ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ತಜ್ಞರು ಸೂಚಿಸಿದ ಕೆಲಸಗಳಲ್ಲಿ ಕಾರ್ಖಾನೆಗಳು ಕೈಗೆತ್ತಿಕೊಂಡದ್ದು ಸುಮಾರು ಅರ್ಧ. ಹಾಕಿದ ದುಡ್ಡು ಒಂದೆರಡು ವರ್ಷದೊಳಗೆ ವಾಪಸು ಬರುವಂತಿದ್ದರೆ ಮಾತ್ರ ಮನಸ್ಸು ಮಾಡುತ್ತಿದ್ದರು. ವರ್ಷವರ್ಷ ಆಗುವ ಉಳಿತಾಯಕ್ಕಿಂತ ಮೊದಲ ದಿನ ಜೇಬಿನಿಂದ ಹೋಗುವ ಮೊತ್ತವೇ ಅವರ ಕಣ್ಣಿಗೆ ದೊಡ್ಡದಾಗಿ ಕಾಣುತ್ತಿತ್ತು. ಮಾಹಿತಿ ಕೊಟ್ಟರೆ ಅರ್ಧ ದಾರಿ ಸಾಗುತ್ತದೆ, ಉಳಿದರ್ಧಕ್ಕೆ ಬೇರೇನೋ ಬೇಕು ಎಂಬುದು ಇದರಿಂದ ತಿಳಿಯಿತು.

ಇನ್ನೊಂದು ಕಡೆ, ಪ್ರಮಾಣಪತ್ರ ತೆಗೆದುಕೊಂಡವರ ಬಗ್ಗೆಯೇ ಅನುಮಾನ ಶುರುವಾಯಿತು. ಭೋಪಾಲ್ ದುರಂತದ ನಂತರ ಅಮೆರಿಕದ ರಾಸಾಯನಿಕ ಉದ್ಯಮ ತಾನಾಗಿ ಅಳವಡಿಸಿಕೊಂಡ ‘ರೆಸ್ಪಾನ್ಸಿಬಲ್ ಕೇರ್’ ಎಂಬ ಸ್ವಯಂ ಶಿಸ್ತಿನ ಕಾರ್ಯಕ್ರಮವನ್ನು ಆಂಡ್ರ್ಯೂ ಕಿಂಗ್ ಮತ್ತು ಮೈಕೆಲ್ ಲೆನಾಕ್ಸ್ 2000ರಲ್ಲಿ ಪರಿಶೀಲಿಸಿದರು. ಸದಸ್ಯ ಕಂಪನಿಗಳು ಸದಸ್ಯರಲ್ಲದವುಗಳಿಗಿಂತ ನಿಧಾನವಾಗಿ ಸುಧಾರಿಸಿದ್ದವು. ತಪ್ಪಿದವರಿಗೆ ಶಿಕ್ಷೆಯಿಲ್ಲದ ಸಂಘದೊಳಗೆ ಕೆಟ್ಟವರೂ ಒಳ್ಳೆಯವರ ಹೆಸರಿನಲ್ಲಿ ಬದುಕಬಹುದು ಎಂಬುದು ಅವರ ತೀರ್ಮಾನ. ಕೆನಡಾದ ಒಲಿವಿಯರ್ ಬೊಯ್ರಾಲ್ 2007ರಲ್ಲಿ ಒಂಬತ್ತು ಸಂಸ್ಥೆಗಳ ಒಳಹೊಕ್ಕು ನೋಡಿ, ಐಎಸ್‌ಒ 14001 ಎಷ್ಟೋ ಕಡೆ ಆಚರಣೆಯ ಮಟ್ಟದಲ್ಲೇ ನಿಂತಿದೆ ಎಂದರು: ತಪಾಸಣೆಯ ದಿನ ಹತ್ತಿರವಾದಾಗ ಫೈಲು ತುಂಬುವ ಗಡಿಬಿಡಿ, ಬೀಗರು ಬರುವ ಮುನ್ನಾದಿನ ಮನೆ ಸಾರಿಸಿದಂತೆ. ಎಲ್ಲವೂ ಹೀಗೆಯೇ ಎನ್ನುವಂತಿಲ್ಲ. ಮ್ಯಾಥ್ಯೂ ಪೊಟೊಸ್ಕಿ ಮತ್ತು ಅಸೀಮ್ ಪ್ರಕಾಶ್ ಅಮೆರಿಕದ ಕಾರ್ಖಾನೆಗಳಲ್ಲಿ ಇದೇ ಪ್ರಮಾಣಪತ್ರದಿಂದ ಕಾನೂನು ಪಾಲನೆ ಸುಧಾರಿಸಿದ್ದನ್ನು 2005ರಲ್ಲಿ ತೋರಿಸಿದ್ದಾರೆ. ಹೊರಗಿನ ತಪಾಸಣೆ ಇದ್ದ ಕಡೆ ಕಾಗದಕ್ಕೂ ಒಂದಿಷ್ಟು ಜೀವ ಬರುತ್ತದೆ.

ಭಾರತದಲ್ಲಿ ಕಥೆ ಬೇರೆ ತುದಿಯಿಂದ ಶುರುವಾಗುತ್ತದೆ. 1974ರಲ್ಲಿ ಜಲ ಕಾಯಿದೆ ಬಂದು, ಅದೇ ವರ್ಷ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. 1981ರಲ್ಲಿ ವಾಯು ಕಾಯಿದೆ, ಭೋಪಾಲ್ ಆದ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ. ಇಲ್ಲಿ ಪರಿಸರ ನಿರ್ವಹಣೆ ಎಂದರೆ ಮೊದಲಿಂದಲೂ ಬೋರ್ಡಿನ ಕನ್ಸೆಂಟು, ಕೊಳಕು ನೀರು ಶುದ್ಧಿ ಮಾಡುವ ಇಟಿಪಿ ಮತ್ತು ಕೋರ್ಟು. ಸ್ವಇಚ್ಛೆಯ ಮಾತು ಬಂದದ್ದು ಬಹಳ ತಡವಾಗಿ.

ಕೋರ್ಟು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ತಿರುಪ್ಪೂರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬನಿಯನ್ನು, ಟೀ ಶರ್ಟುಗಳ ಈ ಊರಿನ ಡೈಯಿಂಗ್ ಘಟಕಗಳ ಉಪ್ಪುನೀರು ನೊಯ್ಯಲ್ ನದಿ ಸೇರಿ, ಕೆಳಗಿನ ಒರತ್ತುಪಾಳಯಂ ಅಣೆಕಟ್ಟೆಯ ನೀರು ಹೊಲಕ್ಕೆ ಬಾರದಂತಾಯಿತು. ರೈತರು ಕೋರ್ಟಿಗೆ ಹೋದರು. ಒಂದು ಹನಿಯನ್ನೂ ಹೊರಬಿಡಬಾರದು ಎಂದು ಮದ್ರಾಸ್ ಹೈಕೋರ್ಟ್ 2006ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಪಾಲನೆಯಾಗದೆ ಎಳೆದಾಡಿ, ಕೊನೆಗೆ 2011ರ ಜನವರಿ 28ರಂದು ಸುಮಾರು 700 ಘಟಕಗಳನ್ನು ಮುಚ್ಚಿಸಿತು. ಇಲ್ಲಿನ ಅಡ್ಡಿ ನಿಜಕ್ಕೂ ಹಣದ್ದೇ ಆಗಿತ್ತು, ತಂತ್ರದ್ದೂ ಆಗಿತ್ತು. ಬಣ್ಣ ಹಿಡಿಯಲು ಸುರಿದ ಉಪ್ಪನ್ನು ನೀರಿನಿಂದ ಬೇರ್ಪಡಿಸಲು ರಿವರ್ಸ್ ಆಸ್ಮೋಸಿಸ್ ಬೇಕು, ಉಳಿದದ್ದನ್ನು ಕುದಿಸಿ ಆವಿ ಮಾಡಲು ಇವಾಪೊರೇಟರ್ ಬೇಕು, ಅದಕ್ಕೆ ಸೌದೆ, ಕರೆಂಟು ಬೇಕು. ಒಬ್ಬೊಬ್ಬರಿಂದ ಆಗದ ಕೆಲಸ. ಸಾಮೂಹಿಕ ಘಟಕಗಳಿಗೆ ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟ ಮೇಲೆಯೇ ಚಕ್ರ ತಿರುಗಿದ್ದು. ತಿರುಪ್ಪೂರು ಇವತ್ತು ನೀರನ್ನು ಮರುಬಳಕೆ ಮಾಡುತ್ತದೆ, ಉಪ್ಪುನೀರನ್ನೂ ಮತ್ತೆ ಬಣ್ಣದ ತೊಟ್ಟಿಗೆ ತರುತ್ತದೆ. ಬೇರ್ಪಡಿಸಲಾಗದ ಮಿಶ್ರ ಉಪ್ಪಿನ ಮೂಟೆಗಳನ್ನು ಏನು ಮಾಡಬೇಕೆಂಬ ತಲೆನೋವು ಮಾತ್ರ ಹಾಗೇ ಇದೆ. ತಿರುಪ್ಪೂರಿನ ಮಾಲೀಕರ ದೂರು ಕೂಡ ಹಳೆಯದೇ: ನಮಗೊಬ್ಬರಿಗೇ ಈ ನಿಯಮ, ಪಕ್ಕದ ಊರಿನವನು ನದಿಗೆ ಬಿಟ್ಟು ಕಡಿಮೆ ದರಕ್ಕೆ ಕೊಡುತ್ತಾನೆ. ಆ ದೂರಿನಲ್ಲಿ ಹುರುಳಿದೆ.

ಸುಪ್ರೀಂ ಕೋರ್ಟು ತಾಜ್‌ಮಹಲಿನ ಸುತ್ತಲಿನ ವಲಯದಲ್ಲಿ ಕಲ್ಲಿದ್ದಲು ಬೇಡ ಎಂದು 1996ರಲ್ಲಿ ಆದೇಶಿಸಿದಾಗ ಫಿರೋಜಾಬಾದಿನ ಗಾಜಿನ ಕುಲುಮೆಗಳಿಗೂ ಇದೇ ಗತಿ ಬಂತು. ಅಲ್ಲಿ ನಡೆದದ್ದು ಬೇರೆ ರೀತಿ. ದೆಹಲಿಯ ಟೆರಿ ಸಂಸ್ಥೆ ಸ್ವಿಸ್ ನೆರವಿನೊಂದಿಗೆ ಅಲ್ಲಿನ ಕುಲುಮೆಗೇ ಹೊಂದುವ ಗ್ಯಾಸ್ ಕುಲುಮೆ ರೂಪಿಸಿತು. ವ್ಯರ್ಥವಾಗುವ ಬಿಸಿಯನ್ನು ಮತ್ತೆ ಒಳಗೆ ತಿರುಗಿಸುವ ವ್ಯವಸ್ಥೆ ಅದರಲ್ಲಿತ್ತು. ಒಬ್ಬನದು ಉರಿಯುವುದನ್ನು ಕಂಡು ಇನ್ನೊಬ್ಬ ಕಟ್ಟಿಸಿದ. ಇದೇ ಯೋಜನೆಯ ಇನ್ನೊಂದು ಕವಲು ಹೌರಾದ ಫೌಂಡ್ರಿಗಳಲ್ಲಿ. ಕೋಕ್ ಉಳಿಸುವ ಕ್ಯುಪೋಲಾ ಕುಲುಮೆಗೆ ಸಿಕ್ಕಷ್ಟು ಗಿರಾಕಿಗಳು ಹೊಗೆ ತೊಳೆಯುವ ಯಂತ್ರಕ್ಕೆ ಸಿಗಲಿಲ್ಲ. ಮೊದಲಿನದು ಕೋಕಿನ ಬಿಲ್ಲು ಇಳಿಸುತ್ತದೆ, ಎರಡನೆಯದು ಬರೀ ಗಾಳಿಯನ್ನು ಶುಚಿ ಮಾಡುತ್ತದೆ. ಮೂರನೆಯ ಕವಲು ನಮ್ಮಲ್ಲಿಗೂ ಬಂತು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳ ಒಲೆಗಳಿಗೆ ಗ್ಯಾಸಿಫೈಯರ್ ತಂದರು. ಸೌದೆ ಗಣನೀಯವಾಗಿ ಉಳಿಯಿತು, ಹೊಗೆ ಇಳಿಯಿತು. ಆದರೆ ಗ್ಯಾಸಿಫೈಯರ್‌ಗೆ ದಿಮ್ಮಿ ನಡೆಯುವುದಿಲ್ಲ, ಸೌದೆಯನ್ನು ಸಣ್ಣ ಸಣ್ಣ ತುಂಡು ಮಾಡಬೇಕು. ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿದು ಬಂದು, ಸಂಜೆಯೊಳಗೆ ನೂಲು ಮುಗಿಸಬೇಕಾದ ಮನೆಯಲ್ಲಿ ಆ ಸೌದೆ ಕಡಿಯುವವರು ಯಾರು ಎಂಬ ಪ್ರಶ್ನೆ ಯಾವ ಪ್ರಶ್ನಾವಳಿಯಲ್ಲೂ ಇರುವುದಿಲ್ಲ.

ಈ ಕ್ಷೇತ್ರಕ್ಕೆ ಭಾರತ ಕೊಟ್ಟ ಅತಿ ಮುಖ್ಯ ಪಾಠ ಗುಜರಾತಿನದು ಎಂದು ನನ್ನ ಅಭಿಪ್ರಾಯ. ಹೆಚ್ಚು ಮಾಲಿನ್ಯ ಮಾಡುವ ಕಾರ್ಖಾನೆಗಳು ವರ್ಷಕ್ಕೊಮ್ಮೆ ಖಾಸಗಿ ಪರಿಶೋಧಕರಿಂದ ತಪಾಸಣೆ ಮಾಡಿಸಿ ವರದಿ ಕೊಡಬೇಕೆಂಬ ನಿಯಮ ಅಲ್ಲಿ ಹೈಕೋರ್ಟಿನ ಆದೇಶದಿಂದ 1996ರಲ್ಲೇ ಬಂದಿತ್ತು. ಪರಿಶೋಧಕನನ್ನು ಆರಿಸುವವನೂ ದುಡ್ಡು ಕೊಡುವವನೂ ಕಾರ್ಖಾನೆಯ ಮಾಲೀಕ. ವರದಿಗಳಲ್ಲಿ ಹೊಗೆಯ ಅಂಕಿಗಳು ಮಿತಿಗಿಂತ ಚೂರೇ ಚೂರು ಕೆಳಗೆ ಸಾಲುಗಟ್ಟಿ ನಿಂತಿದ್ದವು. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ ಮತ್ತು ನಿಕೊಲಸ್ ರಯಾನ್ ರಾಜ್ಯದ ಮಾಲಿನ್ಯ ಮಂಡಳಿಯೊಂದಿಗೆ ಸೇರಿ ಒಂದು ಪ್ರಯೋಗ ಮಾಡಿದರು. ಅಹಮದಾಬಾದ್ ಮತ್ತು ಸೂರತ್‌ನ ಒಂದಷ್ಟು ಕಾರ್ಖಾನೆಗಳಿಗೆ ಪರಿಶೋಧಕರನ್ನು ಚೀಟಿ ಎತ್ತಿದಂತೆ ಹಂಚಿದರು, ಒಂದು ಸಾಮಾನ್ಯ ನಿಧಿಯಿಂದ ನಿಗದಿತ ಸಂಬಳ ಕೊಟ್ಟರು, ಕೆಲವು ಅಳತೆಗಳನ್ನು ಮತ್ತೊಮ್ಮೆ ಅಳೆಸಿ ನೋಡಿದರು. ಸುಳ್ಳಾಗಿ ‘ಪಾಸು’ ಎಂದು ಬರೆಯುವುದು 80 ಪ್ರತಿಶತ ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು, ಆ ಕಾರ್ಖಾನೆಗಳ ಮಾಲಿನ್ಯವೂ ಕಡಿಮೆಯಾಯಿತು. 2013ರಲ್ಲಿ ಇದು ಪ್ರಕಟವಾಯಿತು. ಮುಂದೆ 2019ರಲ್ಲಿ ಸೂರತ್‌ನಲ್ಲೇ ಹೊಗೆಯ ಕಣಗಳಿಗೆ ಪರವಾನಗಿ ಕೊಟ್ಟು ಮಾರುಕಟ್ಟೆಯಲ್ಲಿ ವಿನಿಮಯ ಮಾಡಿಕೊಳ್ಳುವ ಯೋಜನೆ ಬಂತು. ಚಿಮಣಿಗೆ ಸದಾ ಅಳೆಯುವ ಯಂತ್ರ, ಮಿತಿ ಮೀರಿದವನಿಗೆ ಠೇವಣಿಯಿಂದ ಕಡಿತ. ಕಣಗಳ ಹೊರಸೂಸುವಿಕೆ 20ರಿಂದ 30 ಪ್ರತಿಶತ ಇಳಿಯಿತು.

ಅಲ್ಲಿಗೆ ಹಳೆಯ ಪಟ್ಟಿಗಳಲ್ಲಿ ಕಾಣದ ಅಡ್ಡಿಯೊಂದು ಬಯಲಾಯಿತು. ಮಾಡಿದವನಿಗೂ ಮಾಡದವನಿಗೂ ಒಂದೇ ಕಾಗದ ಸಿಗುವ ಕಡೆ, ಮಾಡಿದವನೇ ನಷ್ಟಕ್ಕೆ ಬೀಳುತ್ತಾನೆ. ರಾತ್ರಿ ಇಟಿಪಿಯ ಪಂಪು ನಿಲ್ಲಿಸುವವನ ರೇಟು ಯಾವತ್ತೂ ಕಡಿಮೆಯೇ. ಹಣ, ಸಮಯ, ತಿಳಿವಳಿಕೆಯ ಕೊರತೆಗಳೆಲ್ಲ ನಿಜ, ಆದರೆ ಪಕ್ಕದವನೂ ಮಾಡಲೇಬೇಕು ಎಂದು ಖಾತ್ರಿಯಾದ ದಿನ ಅವುಗಳಲ್ಲಿ ಅರ್ಧ ತಾವಾಗಿ ಕರಗುತ್ತವೆ.

ಈಚಿನ ಸರ್ಕಾರಿ ಕ್ರಮಗಳನ್ನು ಈ ಕಣ್ಣಿನಿಂದ ನೋಡಬೇಕು. 2016ರಲ್ಲಿ ಶುರುವಾಗಿ 2022ರಲ್ಲಿ ಹೊಸ ರೂಪ ಪಡೆದ, ‘ದೋಷವೂ ಶೂನ್ಯ, ಪರಿಸರ ಹಾನಿಯೂ ಶೂನ್ಯ’ ಎಂಬ ಝೆಡ್ ಯೋಜನೆ ಕಂಚು, ಬೆಳ್ಳಿ, ಚಿನ್ನದ ದರ್ಜೆ ಕೊಟ್ಟು, ಅತಿಸಣ್ಣ ಉದ್ಯಮಗಳಿಗೆ ಪ್ರಮಾಣಪತ್ರದ ವೆಚ್ಚದಲ್ಲಿ 80 ಪ್ರತಿಶತ ಸಬ್ಸಿಡಿ ಕೊಡುತ್ತದೆ. ಷೇರುಪೇಟೆಯ ದೊಡ್ಡ 1000 ಕಂಪನಿಗಳು ಪರಿಸರ ಹೊಣೆಗಾರಿಕೆಯ ವರದಿ ಕೊಡಬೇಕೆಂದು ಸೆಬಿ ಕಡ್ಡಾಯ ಮಾಡಿದೆ. ಆ ಕಂಪನಿಗಳು ಈಗ ತಮಗೆ ಬಿಡಿಭಾಗ ಕೊಡುವ ಸಣ್ಣ ಶಾಪುಗಳಿಗೂ ಫಾರಂ ಕಳಿಸುತ್ತವೆ. ಫಾರಂ ಜೊತೆ ಪೀಸಿನ ರೇಟನ್ನು ನಾಲ್ಕಾಣೆ ಏರಿಸಿದ್ದು ಮಾತ್ರ ಅಪರೂಪ. ಝೆಡ್, ಸೆಬಿ ವರದಿ ಎರಡೂ ಕಾಗದವನ್ನು ಹೆಚ್ಚಿಸುತ್ತವೆಯೇ ಹೊರತು ಕಾಗದದ ನಿಜವನ್ನು ಹೆಚ್ಚಿಸುವುದಿಲ್ಲ.

ಗುಜರಾತಿನ ಪಾಠಕ್ಕೆ ಹತ್ತಿರ ಬಂದಿರುವುದು ಕೇಂದ್ರ ಪರಿಸರ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೊರಡಿಸಿದ ಪರಿಸರ ಲೆಕ್ಕಪರಿಶೋಧನಾ ನಿಯಮಗಳು. ನೋಂದಾಯಿತ ಖಾಸಗಿ ಪರಿಶೋಧಕರನ್ನು ಮಾಲೀಕ ಆರಿಸುವ ಬದಲು ಚೀಟಿ ಎತ್ತಿದ ರೀತಿಯಲ್ಲೇ ಹಂಚಬೇಕೆಂದು ಅವು ಹೇಳುತ್ತವೆ. ಪ್ರಯೋಗದಲ್ಲಿ ಫಲ ಕೊಟ್ಟದ್ದು ಹಂಚಿಕೆಯೊಂದೇ ಅಲ್ಲ. ಮಾಲೀಕನ ಕೈಯಿಂದ ಬಾರದ ಸಂಬಳ, ಎರಡನೆಯ ಸಲದ ಅಳತೆ, ಇವೆಲ್ಲ ಸೇರಿ. ಕರ್ನಾಟಕದ ಮಂಡಳಿ ಈ ನಿಯಮಗಳನ್ನು ಜಾರಿಗೆ ತರುವಾಗ ಆ ಎರಡನ್ನೂ ಜೊತೆಗಿಡಬೇಕು, ವರದಿಗಳನ್ನು ಕಾರ್ಖಾನೆಯ ಹೆಸರಿನ ಸಮೇತ ಕನ್ನಡದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಅಷ್ಟು ಮಾಡದಿದ್ದರೆ ಹೊಸ ನಿಯಮದಿಂದ ಸಿಗುವುದು ಇನ್ನೊಂದು ಫೈಲು ಮಾತ್ರ.