ಮಹಾಭಕ್ಷಕ ಕೋಶ

ಇಂಗ್ಲಿಷಿನ ‘ಮ್ಯಾಕ್ರೊಫೇಜ್’ಗೆ ಕನ್ನಡದಲ್ಲಿ ಬಳಕೆಗೆ ಬಂದ ಹೆಸರಿದು. ಗ್ರೀಕ್‌ನಲ್ಲಿ ‘ಮ್ಯಾಕ್ರೋಸ್’ ಎಂದರೆ ದೊಡ್ಡದು, ‘ಫಾಗೈನ್’ ಎಂದರೆ ತಿನ್ನುವುದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿದರು. ಮುಳ್ಳಿನ ಸುತ್ತ ಅಲೆಮಾರಿ ಭಕ್ಷಕ ಕೋಶಗಳು ಮುತ್ತಿಕೊಂಡದ್ದನ್ನು ಕಂಡರು. 1908ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಎಲ್ಲ ಭಕ್ಷಕಗಳೂ ಅಲೆಮಾರಿಗಳಲ್ಲ. ಯಕೃತ್ತಿನ ಕುಪ್ಫರ್ ಕೋಶ, ಮಿದುಳಿನ ಮೈಕ್ರೋಗ್ಲಿಯಾ, ಶ್ವಾಸಕೋಶದ ಗಾಳಿಗೂಡಿನ ಭಕ್ಷಕ, ಇವೆಲ್ಲ ಆಯಾ ಅಂಗದ ಕಾಯಂ ನಿವಾಸಿಗಳು. ರೋಗಾಣುವಿಗಿಂತ ಹೆಚ್ಚಾಗಿ ಇವು ದಿನವೂ ತಿನ್ನುವುದು ನಮ್ಮದೇ ಸಾಯುತ್ತಿರುವ ಕೋಶಗಳನ್ನು. ಇಂಥ ಕ್ರಮಬದ್ಧ ಸಾವಿಗೆ 1972ರಲ್ಲಿ ಇಟ್ಟ ಹೆಸರು ‘ಅಪೊಪ್ಟೋಸಿಸ್’. ಗ್ರೀಕ್‌ನಲ್ಲಿ ಎಲೆ, ಎಸಳು ಉದುರುವುದು ಎಂದರ್ಥ. ಶಿರಹಟ್ಟಿ, ಮುಂಡರಗಿ ಕಡೆಯ ಕಪ್ಪತಗುಡ್ಡದ ಒಣಕಾಡನ್ನು ಬೇಸಿಗೆಯಲ್ಲಿ ಕಂಡವರಿಗೆ ಈ ಹೆಸರು ತಟ್ಟನೆ ಹಿಡಿಸುತ್ತದೆ.

ಸಾಯುವ ಕೋಶ ತನ್ನ ಪೊರೆಯ ಒಳಮಗ್ಗುಲಿನ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬನ್ನು ಹೊರಮಗ್ಗುಲಿಗೆ ತರುತ್ತದೆ. ನೆರೆಯ ಭಕ್ಷಕ ಆ ಗುರುತು ಹಿಡಿದು, ಪೊರೆ ಚಾಚಿ, ಸುತ್ತುವರಿದು ನುಂಗಿ ಕರಗಿಸುತ್ತದೆ. ಜೊತೆಗೆ ಉರಿಯೂತ ತಗ್ಗಿಸುವ ಸಂಕೇತಗಳನ್ನೂ ಸೂಸುತ್ತದೆ. ತಡವಾದರೆ ಕೋಶ ಒಡೆದು ಒಳಗಿನದೆಲ್ಲ ಸೋರುತ್ತದೆ, ಸುತ್ತಲ ಅಂಗಾಂಶ ಊದಿಕೊಳ್ಳುತ್ತದೆ. ಲೂಪಸ್ ಕಾಯಿಲೆಯಲ್ಲಿ ಈ ಲೋಪದ ಪಾತ್ರವಿದೆ.

ಈ ವಿಲೇವಾರಿಯ ಹೆಸರು ‘ಎಫೆರೊಸೈಟೋಸಿಸ್’. ಮಣ್ಣಿಗೆ ಒಯ್ಯುವುದು ಎಂಬರ್ಥದ ಲ್ಯಾಟಿನ್ ಮೂಲ. ‘ಭಕ್ಷಕ’ದಲ್ಲಿ ಈ ಆರೈಕೆಯ ಸುಳಿವೇ ಇಲ್ಲ. ‘ಮೃತಕೋಶ ವಿಲೇವಾರಿ’ ಎಂದರೆ ಗದಗಿನ ವೈದ್ಯಕೀಯ ವಿದ್ಯಾರ್ಥಿಗೂ ಲಕ್ಷ್ಮೇಶ್ವರದ ಹೈಸ್ಕೂಲು ಹುಡುಗಿಗೂ ಕೂಡಲೇ ತಿಳಿಯುತ್ತದೆ. ಕನ್ನಡದಲ್ಲಿ ವಿಜ್ಞಾನ ಬರೆಯುವವರು ಅದನ್ನು ಬಳಕೆಗೆ ತರಬೇಕು.