ಹುಬ್ಬಳ್ಳಿಯಿಂದ ಬಾಸ್ಟನ್‌ಗೆ, ಮರಳಿ ಹುಬ್ಬಳ್ಳಿಗೆ

ಖಾನಾಪುರ ತಾಲ್ಲೂಕಿನ ಬೀಡಿಯಂಥ ಊರಿನ ಹುಡುಗ ಹೆಚ್ಚಿನ ಓದಿಗೆಂದು ಬೆಳಗಾವಿಗೋ ಧಾರವಾಡಕ್ಕೋ ಹೋಗುವುದು, ಓದು ಮುಗಿದ ಮೇಲೆ ನೌಕರಿ ಹುಡುಕಿಕೊಂಡು ಪುಣೆ, ಮುಂಬೈ, ಬೆಂಗಳೂರು ಸೇರುವುದು, ಕೆಲವರು ಅಲ್ಲಿಂದ ಮುಂದೆ ಕಡಲು ದಾಟುವುದು ಉತ್ತರ ಕರ್ನಾಟಕಕ್ಕೆ ಹೊಸತೇನಲ್ಲ. ಮಗ ಪರದೇಶದಲ್ಲಿದ್ದಾನೆ ಎಂಬ ಹೆಮ್ಮೆ ಮನೆಯವರಿಗೆ ಉಳಿಯುತ್ತದೆ. ಅವನನ್ನು ಓದಿಸಿದ ಸೀಮೆಗೆ ಏನು ಉಳಿಯುತ್ತದೆ? ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್ ಪರಿಸರದಲ್ಲಿ ನೆಲೆಸಿದ ಉದ್ಯಮಿ ಗುರುರಾಜ ದೇಶಪಾಂಡೆ ಅವರ ಜೀವನ ಈ ಪ್ರಶ್ನೆಗೆ ಒಂದು ಬಗೆಯ ಉತ್ತರ ಕೊಡುತ್ತದೆ.

ದೇಶಪಾಂಡೆ ಹುಟ್ಟಿದ್ದು 1950ರಲ್ಲಿ. ಪಶ್ಚಿಮ ಜರ್ಮನಿಯ ನೆರವಿನಿಂದ 1959ರಲ್ಲಿ ಸ್ಥಾಪನೆಗೊಂಡಿದ್ದ ಮದ್ರಾಸಿನ ಐಐಟಿಯಲ್ಲಿ ಅವರು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ಆ ಹೊತ್ತಿಗೆ ಹೊರದೇಶಗಳ ಬಾಗಿಲು ಹಿಂದಿಗಿಂತ ಹೆಚ್ಚು ತೆರೆದಿತ್ತು. ಅಮೆರಿಕ 1965ರ ಕಾನೂನಿನ ಮೂಲಕ, ದೇಶವಾರು ಕೋಟಾ ಹಾಕಿ ಏಷ್ಯಾದವರನ್ನು ದೂರವಿಡುತ್ತಿದ್ದ ಪದ್ಧತಿಯನ್ನು ಕೈಬಿಟ್ಟಿತ್ತು. ಕೆನಡಾ 1967ರಲ್ಲಿ ವಿದ್ಯೆ, ಭಾಷೆ, ಕಸಬುಗಳಿಗೆ ಅಂಕ ಕೊಟ್ಟು ವಲಸಿಗರನ್ನು ಆರಿಸುವ ಕ್ರಮ ಜಾರಿಗೆ ತಂದಿತ್ತು. ಭಾರತದ ಬಡ ತೆರಿಗೆದಾರನ ಹಣದಲ್ಲಿ ಓದಿದ ಎಂಜಿನಿಯರುಗಳು ಗುಂಪು ಗುಂಪಾಗಿ ಹೊರಟದ್ದು ಈ ಬದಲಾವಣೆಗಳ ನಂತರವೇ. ‘ಪ್ರತಿಭಾ ಪಲಾಯನ’ ಎಂಬ ಮಾತು ಸಂಸತ್ತಿನಿಂದ ಪತ್ರಿಕೆಗಳವರೆಗೆ ಕೇಳಿಬರತೊಡಗಿದ್ದೂ ಆಗಲೇ.

ದೇಶಪಾಂಡೆ 1970ರ ದಶಕದ ಆರಂಭದಲ್ಲಿ ಕೆನಡಾಕ್ಕೆ ಹೋದರು. ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ದತ್ತಾಂಶ ಸಂವಹನದ ಮೇಲೆ ಡಾಕ್ಟರೇಟ್ ಪಡೆದರು. ಕೆಲಕಾಲ ಪಾಠ ಹೇಳಿದ ಬಳಿಕ ಮೊಟೊರೊಲಾ ಒಡೆತನದ ಕೋಡೆಕ್ಸ್ ಕಂಪನಿ ಸೇರಿ, 1980ರ ದಶಕದಲ್ಲಿ ಬಾಸ್ಟನ್ ಕಡೆಗೆ ಬಂದರು. ಅವರ ಪತ್ನಿ ಜಯಶ್ರೀ ಹುಬ್ಬಳ್ಳಿಯ ವೈದ್ಯ ಡಾ. ಆರ್.ಎಚ್. ಕುಲಕರ್ಣಿ ಅವರ ಮಗಳು. ಲೇಖಕಿ ಸುಧಾ ಮೂರ್ತಿ ಹಾಗೂ ಖಗೋಳ ವಿಜ್ಞಾನಿ ಶ್ರೀನಿವಾಸ ಕುಲಕರ್ಣಿ ಅವರ ಸಹೋದರಿ.

ಮೊದಲ ಉದ್ಯಮ ಕೈಹಿಡಿಯಲಿಲ್ಲ. ಪಾಲುದಾರಿಕೆಯಲ್ಲಿ ಕಟ್ಟಿದ ಕೋರಲ್ ನೆಟ್‌ವರ್ಕ್ಸ್ ಯಾವ ದಾರಿ ಹಿಡಿಯಬೇಕೆಂಬುದರಲ್ಲಿ ಒಮ್ಮತ ಮೂಡದೆ ಅವರು ಹೊರಬಂದರು. 1990ರ ದಶಕದ ಆರಂಭದಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಆರಂಭಿಸಿದರು. ಅದು ತಯಾರಿಸುತ್ತಿದ್ದ ಸ್ವಿಚ್ಚಿನ ಕೆಲಸ ತಿಳಿಯಬೇಕಾದರೆ ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ ನೆನೆದರೆ ಸಾಕು. ಬೆಳಗಾವಿ, ಹುಬ್ಬಳ್ಳಿ, ಗೋವಾ ಕಡೆಯ ಹಳಿಗಳು ಅಲ್ಲಿ ಕೂಡುತ್ತವೆ. ಯಾವ ಬೋಗಿ ಯಾವ ಹಳಿಗೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಹಳೆಯ ಟೆಲಿಫೋನ್ ವ್ಯವಸ್ಥೆಯಲ್ಲಿ ಒಂದು ಮಾತುಕತೆ ಮುಗಿಯುವ ತನಕ ಒಂದು ಮಾರ್ಗ ಪೂರ್ತಿ ಅದಕ್ಕೇ ಮೀಸಲು. ಕಂಪ್ಯೂಟರುಗಳ ಸಂದೇಶ ಹಾಗಲ್ಲ. ಅದು ಸಣ್ಣ ಸಣ್ಣ ತುಂಡುಗಳಾಗಿ, ಬೇರೆಯವರ ತುಂಡುಗಳೊಡನೆ ಒಂದೇ ತಂತಿಯಲ್ಲಿ ಸಾಗುತ್ತದೆ. ತಂತಿಗಳು ಕೂಡುವಲ್ಲಿ ಪ್ರತಿ ತುಂಡಿನ ವಿಳಾಸ ನೋಡಿ ಸರಿಯಾದ ದಾರಿಗೆ ಕಳಿಸುವುದು ಸ್ವಿಚ್ಚಿನ ಕೆಲಸ. ಇಂಟರ್ನೆಟ್ ಹರಡುತ್ತಿದ್ದ ಆ ವರ್ಷಗಳಲ್ಲಿ ಇಂಥ ಯಂತ್ರಗಳಿಗೆ ಎಲ್ಲಿಲ್ಲದ ಬೇಡಿಕೆ. 1997ರಲ್ಲಿ ಅಸೆಂಡ್ ಕಂಪನಿ ಸುಮಾರು 370 ಕೋಟಿ ಡಾಲರ್ ಮೌಲ್ಯಕ್ಕೆ ಕ್ಯಾಸ್ಕೇಡನ್ನು ಕೊಂಡಿತು.

ಮರುವರ್ಷ, 1998ರಲ್ಲಿ, ಸಿಕಮೋರ್ ನೆಟ್‌ವರ್ಕ್ಸ್ ಹುಟ್ಟಿತು. ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ಹಲವು ಬಣ್ಣದ ಬೆಳಕನ್ನು ಏಕಕಾಲಕ್ಕೆ ಹಾಯಿಸಿ, ಒಂದೊಂದು ಬಣ್ಣದ ಮೇಲೂ ಬೇರೆ ಬೇರೆ ಸಂದೇಶ ಹೊರಿಸುವ ಜಾಲಕ್ಕೆ ಬೇಕಾದ ಯಂತ್ರಗಳು ಅದರ ಸರಕು. 1999ರ ಅಕ್ಟೋಬರಿನಲ್ಲಿ 38 ಡಾಲರಿಗೆ ಹಂಚಿದ ಅದರ ಷೇರು ಪೇಟೆಗೆ ಬಂದ ಮೊದಲ ದಿನವೇ 180 ಡಾಲರ್ ದಾಟಿತು. ಹುಬ್ಬಳ್ಳಿಯ ಹೆಸರು ಜಗತ್ತಿನ ಸಿರಿವಂತರ ಪಟ್ಟಿಗಳ ಜೊತೆ ಕೇಳಿಬಂದ ದಿನಗಳವು. ಆದರೆ ಆ ಬೆಲೆ ನಿಲ್ಲಲಿಲ್ಲ. ಟೆಲಿಫೋನ್ ಕಂಪನಿಗಳು ಬೇಡಿಕೆಯನ್ನು ಮೀರಿ ತಂತು ಹಾಸಿದ್ದವು. ಸಾಲದ ಹೊರೆಯಲ್ಲಿ ಅವು ಕೊಳ್ಳುವುದನ್ನು ನಿಲ್ಲಿಸಿದಾಗ, 2001ರ ಹೊತ್ತಿಗೆ, ಯಂತ್ರ ತಯಾರಕರ ಷೇರುಗಳೂ ಕುಸಿದವು. ಸಿಕಮೋರ್ ಮತ್ತೆ ಆ ಎತ್ತರಕ್ಕೆ ಏರಲಿಲ್ಲ, 2013ರಲ್ಲಿ ವಿಸರ್ಜನೆಗೊಂಡಿತು.

ಕಂಪನಿ ಅಳಿದರೂ ಅದರಾಚೆ ಕಟ್ಟಿದ ಸಂಸ್ಥೆಗಳು ಉಳಿದವು. ಭಾರತೀಯ ಮೂಲದ ಹೊಸ ಉದ್ಯಮಿಗಳಿಗೆ ಹಿರಿಯರು ಕೈಹಿಡಿದು ದಾರಿ ತೋರಿಸುವ ‘ಟೈ’ ಸಂಘಟನೆಯ ಬಾಸ್ಟನ್ ಶಾಖೆಯ ಸ್ಥಾಪಕರಲ್ಲಿ ದೇಶಪಾಂಡೆ ಒಬ್ಬರು. ದಂಪತಿ 2002ರಲ್ಲಿ ಎರಡು ಕೋಟಿ ಡಾಲರ್ ನೀಡಿ ಎಂಐಟಿಯಲ್ಲಿ ಒಂದು ಕೇಂದ್ರ ತೆರೆದರು. ಪ್ರಯೋಗಾಲಯದಲ್ಲಿ ಹುಟ್ಟಿದ ವಿಚಾರ ಬಳಕೆಗೆ ಬರುವಂತೆ ಮಾಡುವುದು ಅದರ ಉದ್ದೇಶ. ಶಾಲಾ ಮಕ್ಕಳಿಗೆ ಬಿಸಿಯೂಟ ಒದಗಿಸುವ ಅಕ್ಷಯಪಾತ್ರೆಯ ಅಮೆರಿಕ ಶಾಖೆಯ ಮುಖ್ಯಸ್ಥರಾಗಿಯೂ ಅವರು ದುಡಿದರು. 2010ರಲ್ಲಿ ಒಬಾಮ ಸರ್ಕಾರ ಹೊಸ ಶೋಧ ಮತ್ತು ಉದ್ಯಮಶೀಲತೆ ಕುರಿತ ರಾಷ್ಟ್ರೀಯ ಸಲಹಾ ಮಂಡಳಿಯ ಸಹ ಅಧ್ಯಕ್ಷರನ್ನಾಗಿ ನೇಮಿಸಿತು.

ಹುಟ್ಟಿದ ಸೀಮೆಗೆ ಕೊಡುವುದು ಇಲ್ಲಿ ಹೊಸ ಮಾತಲ್ಲ. ಸವದತ್ತಿ ಸೀಮೆಯ ಶಿರಸಂಗಿ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾದಾನಕ್ಕೆಂದು ಬರೆದಿಟ್ಟರು. ಆಸ್ತಿಯಿಲ್ಲದ ಏಳು ಮಂದಿ ಶಿಕ್ಷಕರು ತಮ್ಮ ದುಡಿಮೆಯನ್ನೇ ಕೊಟ್ಟು 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದರು. ಆ ಸಂಸ್ಥೆ 1947ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನ ಆವರಣವೇ ಮುಂದೆ ದೇಶಪಾಂಡೆ ಪ್ರತಿಷ್ಠಾನದ ಕೆಲಸಕ್ಕೆ ನೆಲೆಯಾಯಿತು. ಹಿಂದಿನವರು ಕೊಟ್ಟದ್ದರ ಮೇಲೆಯೇ ನಂತರದವರು ಕೊಟ್ಟಿದ್ದಾರೆ.

ಆದರೆ ಕೊಡುವ ರೀತಿ ಬದಲಾಯಿತು. ಲಿಂಗರಾಜರ ಕಾಲದಲ್ಲಿ ಕೊರತೆ ಶಾಲೆಯದು. ಶಾಲೆಗೆ ಹಣ ಬೇಕಿತ್ತು. ನೂರು ವರ್ಷಗಳ ನಂತರ ಕಾಲೇಜುಗಳಿದ್ದವು, ಪದವೀಧರರೂ ಇದ್ದರು. ಊರಿನ ಆಸುಪಾಸಿನಲ್ಲಿ ಅವರಿಗೆ ಕೆಲಸವಿರಲಿಲ್ಲ. 2007ರ ಸುಮಾರಿಗೆ ಹುಬ್ಬಳ್ಳಿಯಲ್ಲಿ ಆರಂಭವಾದ ಯೋಜನೆಗೆ ಇಟ್ಟ ಹೆಸರು ‘ಸ್ಯಾಂಡ್‌ಬಾಕ್ಸ್’, ಅಂದರೆ ಮಕ್ಕಳು ಕಟ್ಟಿ, ಕೆಡವಿ, ಮತ್ತೆ ಕಟ್ಟುವ ಮರಳಿನ ಅಂಕಣ. ಹೊಸ ಶೋಧ ಎಷ್ಟೇ ಜಾಣತನದ್ದಾದರೂ ಸ್ಥಳೀಯ ಅಗತ್ಯಕ್ಕೆ ಹೊಂದದಿದ್ದರೆ ಫಲ ಕೊಡದು ಎಂಬುದು ದೇಶಪಾಂಡೆ ಅವರು ಮತ್ತೆ ಮತ್ತೆ ಹೇಳುವ ಮಾತು. ಹಾಗಾಗಿ ಹುಬ್ಬಳ್ಳಿಯ ಸುತ್ತಲಿನ ಜಿಲ್ಲೆಗಳಲ್ಲಿ ಸಣ್ಣದಾಗಿ ಮಾಡಿ ನೋಡುವುದು, ನಿಂತದ್ದನ್ನು ಬೆಳೆಸುವುದು, ನಿಲ್ಲದ್ದನ್ನು ಬಿಡುವುದು ಇಲ್ಲಿನ ಕ್ರಮವಾಯಿತು. ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಒಂದು ತೊಂದರೆಯನ್ನು ಆರಿಸಿಕೊಂಡು ಪರಿಹಾರ ಹುಡುಕುವ ಕಾರ್ಯಕ್ರಮ, ಹಳ್ಳಿಯ ಪದವೀಧರರಿಗೆ ಕೌಶಲ ತರಬೇತಿ, ಹೊಸ ಉದ್ಯಮಗಳಿಗೆ ನೆರವು ಹೀಗೆ ಬೆಳೆದವು.

ನವಲಗುಂದದಂಥ ಎರೆಸೀಮೆಯ ಕೃಷಿಹೊಂಡಗಳು ಈ ಕ್ರಮಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಮಳೆ ಕಡಿಮೆ. ಬಂದರೆ ಒಂದೆರಡು ದಿನದಲ್ಲಿ ಸುರಿದು ಹೋಗುತ್ತದೆ. ಎರೆಮಣ್ಣು ನೀರನ್ನು ಬೇಗ ಇಂಗಗೊಡುವುದಿಲ್ಲವಾದ್ದರಿಂದ ಹೊಲದ ಮೂಲೆಯಲ್ಲಿ ತೋಡಿದ ಹೊಂಡದಲ್ಲಿ ಅದು ನಿಲ್ಲುತ್ತದೆ. ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದು ಸಲ ನೀರು ಹಾಯಿಸಿದರೂ ಬೆಳೆ ಉಳಿಯುತ್ತದೆ. ಹೊಸ ಯಂತ್ರವೇನೂ ಬೇಕಿಲ್ಲ. ಹೊಂಡ ತೋಡುವ ಖರ್ಚಿಗೆ ಆರಂಭದ ಆಸರೆ, ತೋಡಿಸಿದ ನೆರೆಯವನ ಅನುಭವ ಇವೆರಡೇ ಬೇಕು.

ಇದರ ಮಿತಿಗಳೂ ಸ್ಪಷ್ಟ. ಹೊಂಡ ತೋಡಲು ಸ್ವಂತ ಹೊಲ ಬೇಕು. ಕೂಲಿಯವನಿಗೆ ಅದರ ಲಾಭ ಸುತ್ತುಬಳಸಿ ಮುಟ್ಟುತ್ತದೆ. ತರಬೇತಿ ಪಡೆದವನು ಮತ್ತೆ ಬೆಂಗಳೂರಿನ ರೈಲು ಹತ್ತಿದರೆ ಪಲಾಯನದ ದಾರಿ ಇನ್ನಷ್ಟು ಸುಗಮವಾದಂತೆಯೇ. ಸರ್ಕಾರಿ ಶಾಲೆ, ನೀರಾವರಿ, ರಸ್ತೆಗಳ ಹೊಣೆಯನ್ನು ಯಾವ ಪ್ರತಿಷ್ಠಾನವೂ ಹೊರಲಾರದು, ಹೊರಬೇಕಾಗಿಯೂ ಇಲ್ಲ.

ಹೀಗಿದ್ದರೂ ಒಂದು ಸಂಗತಿ ಗಮನಾರ್ಹ. ಬಾಸ್ಟನ್ನಿನ ಉತ್ತರಕ್ಕೆ ಲಾರೆನ್ಸ್ ಎಂಬ ಊರಿದೆ. ಹುಬ್ಬಳ್ಳಿಯಂತೆಯೇ ಅದೂ ಗಿರಣಿಗಳ ಊರು; ಗಿರಣಿಗಳು ಹೋದ ಮೇಲೆ ಬಡತನ ಕಂಡ ವಲಸಿಗರ ಊರು. 2010ರ ಸುಮಾರಿಗೆ ಆ ಮೆರಿಮ್ಯಾಕ್ ಕಣಿವೆಯಲ್ಲಿ ಹುಬ್ಬಳ್ಳಿಯ ಮಾದರಿಯ ಮೇಲೆಯೇ ಒಂದು ಸ್ಯಾಂಡ್‌ಬಾಕ್ಸ್ ಆರಂಭವಾಯಿತು. ದೇಶಪಾಂಡೆ ಓದಿದ ನ್ಯೂ ಬ್ರನ್ಸ್‌ವಿಕ್‌ನಲ್ಲೂ ಉದ್ಯಮಶೀಲತೆಯ ಕೇಂದ್ರವೊಂದು ತಲೆಯೆತ್ತಿತು. ಅಮೆರಿಕದಿಂದ ಹಣ ಹುಬ್ಬಳ್ಳಿಗೆ ಬಂದ ಕಥೆ ಹಲವರಿಗೆ ಗೊತ್ತು. ಹುಬ್ಬಳ್ಳಿಯಲ್ಲಿ ಮಾಡಿ ನೋಡಿದ್ದನ್ನು ಅಮೆರಿಕದ ಊರೊಂದು ಕಲಿತದ್ದು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ಹೋದವರಿಂದ ಹಣವನ್ನಷ್ಟೇ ನಿರೀಕ್ಷಿಸುವ ಊರು ಕೈಯೊಡ್ಡಿ ನಿಲ್ಲುವ ಊರಾಗಿಯೇ ಉಳಿಯುತ್ತದೆ. ಕಲಿಸಲು ತನ್ನಲ್ಲೂ ಏನಾದರೂ ಇರುವಂತೆ ನೋಡಿಕೊಂಡ ಊರಿಗೆ ಹೋದವರೂ ಮರಳುತ್ತಾರೆ, ಉಳಿದವರೂ ನಿಲ್ಲಲು ಕಾರಣ ಕಾಣುತ್ತಾರೆ.